ರಜೆಯ ಊಟ, ಮನೆ ತುಂಬ ನೆಂಟರು: ನಾಯಿ ಬೆಕ್ಕಿಗೆ ಏನೇನು ಸಿಗಬಾರದು?

ಪ್ರಶ್ನೆ: ಕ್ರಿಸ್‌ಮಸ್ ರಜೆಯಲ್ಲಿ ನಾಲ್ಕು ಕುಟುಂಬ ನಮ್ಮಲ್ಲಿಗೆ ಊಟಕ್ಕೆ ಬರುತ್ತಿವೆ, ಜೊತೆಗೆ ಪುಟ್ಟ ಮಕ್ಕಳು. ಮನೆಯಲ್ಲಿ ಲ್ಯಾಬ್ರಡಾರ್ ಇದೆ, ಬೆಕ್ಕೂ ಇದೆ. ಚಾಕೊಲೇಟ್ ಬಿಟ್ಟು ಇನ್ನೇನನ್ನು ದೂರ ಇಡಬೇಕು?

ಉತ್ತರ 1: ಮೊದಲು ನಮ್ಮ ಅಡುಗೆಯನ್ನೇ ನೋಡಿ ಅಕ್ಕ. ಸಾಕುಪ್ರಾಣಿಗೆ ಕೊಡಬಾರದ ತಿನಿಸುಗಳ ಪಟ್ಟಿಗಳಲ್ಲಿ, ಇಲ್ಲಿ ಅಮೆರಿಕದಲ್ಲಿ, ಪ್ಲಮ್ ಕೇಕ್ ಇರುತ್ತದೆ, ಪುಳಿಯೋಗರೆ ಇರುವುದಿಲ್ಲ. ದ್ರಾಕ್ಷಿ ತಿಂದ ನಾಯಿಯ ಕಿಡ್ನಿ ಕೆಡುವುದಕ್ಕೆ ಟಾರ್ಟಾರಿಕ್ ಆಮ್ಲವೇ ಕಾರಣ ಎಂಬುದು ಈಗ ವೆಟ್‌ಗಳ (ಪಶುವೈದ್ಯರ) ಬಲವಾದ ಅಭಿಪ್ರಾಯ. ಅದೇ ಆಮ್ಲ ಹುಣಸೆಹಣ್ಣಿನಲ್ಲಿ ಧಾರಾಳವಾಗಿದೆ. ಪಾಯಸ, ಕೇಸರಿಬಾತಿನ ಒಣದ್ರಾಕ್ಷಿಯ ಜೊತೆಗೆ ಗೊಜ್ಜಿನ ಡಬ್ಬಿಯೂ ಕೈಗೆಟುಕದ ಕಡೆ ಇರಲಿ. ಒಂದು ನಾಯಿಗೆ ಏನೂ ಆಗದಷ್ಟು ದ್ರಾಕ್ಷಿ ಇನ್ನೊಂದಕ್ಕೆ ಮುಳುವಾಗುತ್ತದೆ. ವಾಂತಿ ನಿಂತಿತು ಅಂತ ಸುಮ್ಮನಾಗಬೇಡಿ, ಕಿಡ್ನಿ ಕೈಕೊಡುವುದು ಒಂದರಿಂದ ಮೂರು ದಿನದಲ್ಲಿ.

ಈರುಳ್ಳಿ, ಬೆಳ್ಳುಳ್ಳಿ ಬೇಯಿಸಿದರೂ ವಿಷವೇ. ಕೆಂಪು ರಕ್ತಕಣ ಒಡೆಯುತ್ತವೆ. ಒಸಡು ಬಿಳಿಚುವುದು, ಮೂತ್ರ ಕಂದಾಗುವುದು ಕಾಣಿಸುವಷ್ಟರಲ್ಲಿ ಕೆಲವು ದಿನ ಕಳೆದಿರುತ್ತವೆ. ಬೆಕ್ಕಿಗಂತೂ ಇನ್ನೂ ಕಡಿಮೆ ತಿಂದರೂ ಸಾಕು, ವಿಷವಾಗುತ್ತದೆ. ಸಾಂಬಾರನ್ನ ಕಲಸಿದ ತಟ್ಟೆ ನೆಕ್ಕಲು ಬಿಡಬೇಡಿ. ಮಕ್ಕಳು ಪ್ರೀತಿಯಿಂದಲೇ ತುತ್ತು ಕೊಡುತ್ತಾರೆ, ಆದ್ದರಿಂದ ಊಟ ಮುಗಿಯುವವರೆಗೆ ನಾಯಿ ಬೇಬಿ ಗೇಟಿನ ಆಚೆ ಇರಲಿ.

ಬಂದವರ ಕೋಟು, ಬ್ಯಾಗುಗಳನ್ನು ಒಂದು ಕೋಣೆಯಲ್ಲಿಟ್ಟು ಬಾಗಿಲು ಹಾಕಿ. ಅವುಗಳಲ್ಲಿರುವ ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನಲ್ಲಿ ಜೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ನಾಯಿಯ ರಕ್ತದ ಸಕ್ಕರೆ ಅರ್ಧ ಗಂಟೆಯಲ್ಲೇ ಕುಸಿಯಬಹುದು.

ಉತ್ತರ 2: ಬೆಕ್ಕಿರುವ ಮನೆಗೆ ಲಿಲ್ಲಿ ಹೂವು ಬೇಡವೇ ಬೇಡ. ಮೈಗಂಟಿದ ಪರಾಗ ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಕಿಡ್ನಿ ಹೋಗುತ್ತದೆ. ಕ್ರಿಸ್‌ಮಸ್ ಮರಕ್ಕೆ ಕಟ್ಟುವ ಮಿನುಗು ಎಳೆಯೂ ಬೇಡ: ನುಂಗಿದರೆ ಕರುಳು ಸುಕ್ಕುಗಟ್ಟಿ ಹರಿಯುತ್ತದೆ. ಹಿಂದಿನಿಂದ ತುದಿ ಕಂಡರೂ ಎಳೆಯಬೇಡಿ, ಆಸ್ಪತ್ರೆಗೆ ಒಯ್ಯಿರಿ. ಗ್ಯಾರೇಜಿನಲ್ಲಿ ಆಂಟಿಫ್ರೀಜ್ (ಕಾರಿನ ಎಂಜಿನ್ ನೀರು ಹೆಪ್ಪುಗಟ್ಟದಂತೆ ಹಾಕುವ ದ್ರವ) ಸೋರಿದ್ದರೆ ಆಗಲೇ ಒರೆಸಿ. ಕುಡಿದ ಬೆಕ್ಕಿಗೆ ಮೂರು ಗಂಟೆಯೊಳಗೆ ಚಿಕಿತ್ಸೆ ಶುರುವಾಗಬೇಕು. ವಾಕಿಂಗ್ ಮುಗಿಸಿ ಬಂದಮೇಲೆ ನಾಯಿಯ ಪಾದಕ್ಕಂಟಿದ, ಹಿಮ ಕರಗಿಸಲು ರಸ್ತೆಗೆ ಹಾಕುವ ಉಪ್ಪನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ.

ಏನಾದರೂ ತಿಂದಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅದೇ ಇನ್ನೊಂದು ವಿಷ. ಹೈಡ್ರೋಜನ್ ಪೆರಾಕ್ಸೈಡ್ ಬೆಕ್ಕಿಗೆ ಕೂಡದು. ನಾಯಿಗೂ ವೆಟ್ ಹೇಳಿದರೆ ಮಾತ್ರ, 3% ದ್ರಾವಣ, ಅವರು ಹೇಳಿದಷ್ಟೇ. ಪ್ರಾಣಿಯ ತೂಕ, ತಿಂದ ಸಮಯ, ಪೊಟ್ಟಣ ಕೈಯಲ್ಲಿಟ್ಟುಕೊಂಡು ಫೋನ್ ಮಾಡಿ. ಅಮೆರಿಕದಲ್ಲಿ ಎಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಸ್ಥೆಯ ವಿಷ ಸಹಾಯವಾಣಿ 888-426-4435, ಹಗಲೂ ರಾತ್ರಿ ಸಿಗುತ್ತದೆ, ಶುಲ್ಕ ಇರಬಹುದು.

ರಜೆಗೆ ಊರಿಗೆ ಹೊರಟವರು ನೋಡಿಕೊಳ್ಳುವವರ ಹೆಸರಿಗೆ ಚಿಕಿತ್ಸೆಯ ಒಪ್ಪಿಗೆ ಪತ್ರ ಬರೆದು, ಎಷ್ಟು ಡಾಲರ್‌ವರೆಗೆ ಖರ್ಚು ಮಾಡಬಹುದೆಂದು ನಮೂದಿಸಿ ವೆಟ್ ಬಳಿ ಕೊಟ್ಟಿರಿ. ನೀವು ವಿಮಾನದಲ್ಲಿರುವಾಗ ಅವರು ನಿಮ್ಮ ಉತ್ತರಕ್ಕೆ ಕಾಯುತ್ತ ಕೂರುವಂತಾಗಬಾರದು.