ಸ್ಪ್ಲೆಂಡರ್ ಬಿಟ್ಟು ಕ್ಲಾಸಿಕ್ 350 ತಗೊಂಡೆ, ಕಾಲು ಇನ್ನೂ ಹಳೇ ಗಾಡಿಯಲ್ಲೇ ಇದೆ

ಮೂಡಿಗೆರೆ ಸವಾರ:
ಎಲ್ಲರಿಗೂ ನಮಸ್ಕಾರ. 12 ವರ್ಷ ಸ್ಪ್ಲೆಂಡರ್ ಓಡಿಸಿದವನು ಹೋದ ತಿಂಗಳು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತಗೊಂಡೆ. ಸ್ಪ್ಲೆಂಡರ್‌ನಲ್ಲಿ ಮುಂಗಾಲು ಒತ್ತಿದರೆ ಗೇರ್ ಏರುತ್ತಿತ್ತು, ಹಿಮ್ಮಡಿ ಒತ್ತಿದರೆ ಇಳಿಯುತ್ತಿತ್ತು. ಇದರಲ್ಲಿ ಪೂರಾ ಉಲ್ಟಾ. ಮೊನ್ನೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಎರಡರಿಂದ ಮೂರಕ್ಕೆ ಹಾಕೋಣ ಅಂತ ಮುಂಗಾಲು ಒತ್ತಿದೆ. ಅದು ಒಂದಕ್ಕೆ ಬಿತ್ತು, ಇಂಜಿನ್ ಕಿರುಚಿತು, ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಒಂದು ಮೊಳ ಪಕ್ಕಕ್ಕೆ ಜಾರಿತು. ಹಿಂದೆ ಹೆಂಡತಿ ಕೂತಿದ್ದಳು. ತಿರುವುಗಳಲ್ಲೂ ಕಷ್ಟ, ಗಾಡಿ ಎದುರು ಬದಿಗೆ ಎಳೆದುಕೊಂಡು ಹೋಗುತ್ತದೆ. ರೂಢಿಯಾಗುತ್ತಾ, ಇಲ್ಲ ಮಾರಿಬಿಡಲಾ?

ಹಳೇ ಯೆಜ್ಡಿ, ಮೈಸೂರು:
ಮಾರಬೇಡಿ. ನನ್ನ ಹತ್ತಿರ ಯೆಜ್ಡಿ ಬೈಕ್ ಇತ್ತು, ಅದರ ಬ್ರೇಕ್ ಬಲಗಾಲಿಗೆ. ಅಣ್ಣನದು ಹಳೇ ಬುಲೆಟ್. ಆ ಬುಲೆಟ್‌ನಲ್ಲಿ ಗೇರ್ ಬಲಗಾಲಿಗೆ, ಮೊದಲ ಗೇರ್‌ಗೆ ಮೇಲಕ್ಕೆ ಎತ್ತಬೇಕು, ಉಳಿದ ಮೂರಕ್ಕೆ ಕೆಳಕ್ಕೆ ಒತ್ತಬೇಕು, ಬ್ರೇಕ್ ಎಡಗಾಲಿಗೆ. ಒಂದು ಸಲ ಅದನ್ನು ಓಡಿಸುವಾಗ ನಾಯಿ ಅಡ್ಡ ಬಂತು, ಬ್ರೇಕ್ ಅಂದುಕೊಂಡು ಬಲಗಾಲು ಒತ್ತಿದೆ, ಎರಡರಲ್ಲಿದ್ದ ಗೇರ್ ಮೂರಕ್ಕೆ ಹೋಯಿತು, ಗಾಡಿ ಮುಂದಕ್ಕೇ ಹೋಯಿತು. ನಾಯಿ ಹೇಗೋ ಉಳಿಯಿತು. ಸುಮ್ನೆ ಓಡಿಸುವಾಗ ಎಲ್ಲ ನೆನಪಿರುತ್ತದೆ. ಗಾಬರಿಯಾದ ಆ ಒಂದು ಕ್ಷಣ ಕಾಲು ಹಳೇದನ್ನೇ ಮಾಡುತ್ತದೆ.

ಹಾಗಾಗಿ ಸ್ವಲ್ಪ ದಿನ ಹಿಮ್ಮಡಿ ಬಳಸಲೇಬೇಡಿ. ಬೂಟಿನ ತುದಿಯನ್ನು ಲಿವರ್ ಕೆಳಗೆ ತೂರಿಸಿ ಎತ್ತಿ ಗೇರ್ ಏರಿಸಿ. ಕಾಲಿಗೆ ಇದು ಹೊಸ ಕೆಲಸ, ಹಳೇ ಅಭ್ಯಾಸದ ಜೊತೆ ಕಲಸಿಕೊಳ್ಳುವುದಿಲ್ಲ. ಖಾಲಿ ಜಾಗದಲ್ಲಿ ಬೆಳಿಗ್ಗೆ ಅರ್ಧ ಗಂಟೆ, ಯೋಚನೆ ಮಾಡದೆ ಬರುವ ತನಕ ಮಾಡಿ. ಅಷ್ಟು ದಿನ ಸ್ಪ್ಲೆಂಡರ್ ಮುಟ್ಟಬೇಡಿ.

ಸಕಲೇಶಪುರದವನು:
ತಿರುವಿನ ಬಗ್ಗೆ ಹೇಳುತ್ತೇನೆ. ಸ್ಪ್ಲೆಂಡರ್ ಸುಮಾರು 112 ಕೆಜಿ, ನಿಮ್ಮದು 195. ಎರಡು ಚಕ್ರಗಳ ನಡುವಿನ ದೂರವೂ ಜಾಸ್ತಿ. ಹಗುರ ಗಾಡಿಯನ್ನು ತಿರುವಿನ ಮಧ್ಯದಲ್ಲಿ ಸರಿ ಮಾಡಿಕೊಳ್ಳಬಹುದಿತ್ತು, ಇದರಲ್ಲಿ ತಿರುವಿಗೆ ಮುಂಚೆಯೇ ಎಲ್ಲ ಮುಗಿಸಬೇಕು. ಗಾಡಿ ನೆಟ್ಟಗಿರುವಾಗಲೇ ವೇಗ ಇಳಿಸಿ, ಎರಡನೇ ಗೇರ್ ಹಾಕಿ, ಆಮೇಲೆ ಒಳಗೆ ಹೋಗಿ. ಕಣ್ಣು ಎದುರಿನ ತಡೆಗೋಡೆ ಮೇಲೆ ಬೇಡ, ತಿರುವು ಎಲ್ಲಿ ಮುಗಿಯುತ್ತದೋ ಅಲ್ಲಿರಲಿ. ನೋಡಿದ ಕಡೆಗೇ ಗಾಡಿ ಹೋಗುತ್ತದೆ. ಬಲಕ್ಕೆ ತಿರುಗಬೇಕಾದರೆ ಹ್ಯಾಂಡಲ್‌ನ ಬಲತುದಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, ಗಾಡಿ ತಾನೇ ಬಲಕ್ಕೆ ವಾಲುತ್ತದೆ. ತೀರಾ ನಿಧಾನದಲ್ಲಿ ಇದು ನಡೆಯಲ್ಲ, ಅಲ್ಲಿ ಹಾಫ್ ಕ್ಲಚ್, ಅಂದರೆ ಕ್ಲಚ್ ಅರ್ಧ ಮಾತ್ರ ಹಿಡಿದು, ಹಿಂದಿನ ಬ್ರೇಕ್ ಮೇಲೆ ಕಾಲು. ನಮ್ಮ ಕಡೆ ಸುಮಾರು ಜನ ಮುಂದಿನ ಬ್ರೇಕ್ ಮುಟ್ಟುವುದೇ ಇಲ್ಲ, ನೀವೂ ಹಾಗೇನಾ? ಡಿಸ್ಕ್ ಇದೆ, ಮೆಲ್ಲಗೆ ಹಿಂಡಿ ರೂಢಿ ಮಾಡಿಕೊಳ್ಳಿ. ವಾಲಿರುವಾಗ ಮಾತ್ರ ಜೋರಾಗಿ ಹಿಡಿಯಬೇಡಿ.

ಹಾಸನದ ಹುಡುಗಿ:
ಹೌದು, ಗಾಬರಿಯೇ ಸಮಸ್ಯೆ. ನಾನು ಆ್ಯಕ್ಟಿವಾದಿಂದ ಬೈಕಿಗೆ ಬಂದವಳು. ಸ್ಕೂಟರ್‌ನಲ್ಲಿ ಎಡಗೈಗೆ ಬ್ರೇಕ್, ಬೈಕಿನಲ್ಲಿ ಅದೇ ಜಾಗದಲ್ಲಿ ಕ್ಲಚ್. ಆಟೋ ಅಡ್ಡ ಬಂದಾಗ ಎಡಗೈ ಗಟ್ಟಿಯಾಗಿ ಹಿಡಿದೆ, ಗಾಡಿ ನಿಲ್ಲುವ ಬದಲು ಉರುಳಿಕೊಂಡು ಹೋಯಿತು. ಆಮೇಲೆ ಒಂದು ವಾರ ಮೈದಾನದಲ್ಲಿ ಬರೀ ನಿಲ್ಲಿಸುವುದನ್ನೇ ಕಲಿತೆ. ಅಣ್ಣಾ, ದಯವಿಟ್ಟು ಪೂರ್ತಿ ರೂಢಿಯಾಗುವವರೆಗೆ ಅತ್ತಿಗೆಯನ್ನು ಘಾಟಿಗೆ ಕರೆದುಕೊಂಡು ಹೋಗಬೇಡಿ.

ಮೂಡಿಗೆರೆ ಸವಾರ:
ಎಲ್ಲರಿಗೂ ಥ್ಯಾಂಕ್ಸ್. ಹೌದು ಸರ್, ಮುಂದಿನ ಬ್ರೇಕ್ ನಾನು ಮುಟ್ಟುತ್ತಲೇ ಇರಲಿಲ್ಲ. ಸ್ಪ್ಲೆಂಡರ್ ಕೀಲಿ ತಮ್ಮನಿಗೆ ಕೊಟ್ಟೆ. ತೋಟದ ಕಾಫಿ ಕಣ ಈಗ ಖಾಲಿ ಇದೆ, ಐದು ದಿನದಿಂದ ಬೆಳಿಗ್ಗೆ ಅಲ್ಲೇ ಸುತ್ತುತ್ತಿದ್ದೇನೆ. ಮೊದಲ ದಿನ ಏಳೆಂಟು ಸಲ ತಪ್ಪಿತು, ಇವತ್ತು ಒಂದೇ ಸಲ. ಎಡ ಬೂಟಿನ ಮೇಲೆ ಲಿವರ್ ಉಜ್ಜಿ ಕಪ್ಪು ಗುರುತು ಬಿದ್ದಿದೆ. ಭಾನುವಾರ ಮಳೆ ಇಲ್ಲದಿದ್ದರೆ ಒಬ್ಬನೇ ಚಾರ್ಮಾಡಿ ಇಳಿದು ಬರುತ್ತೇನೆ, ಬಂದು ಇಲ್ಲೇ ಬರೆಯುತ್ತೇನೆ.