ಓಟ್ಸ್-ಬಾಳೆಹಣ್ಣಿನ ಬಿಸ್ಕತ್ತು ಒಳಗೆ ಹಸಿಯಾಗೇ ಉಳಿಯುತ್ತೆ, ಯಾಕೆ?

ಪ್ರಶ್ನೆ: ನಾಲ್ಕು ವರ್ಷದ ಮಗುವಿಗೆ ಸಕ್ಕರೆ ಹಾಕದೆ ಮಾಡ್ತಿದ್ದೀನಿ. ಮೇಲೆ ಕಂದು, ಒಳಗೆ ಅಂಟಂಟು. ಅಳತೆ ಸರಿಯಾಗಿ ಹೇಳ್ತೀರಾ?

ಉತ್ತರ 1: ನೀರಿನಂಶ ಜಾಸ್ತಿ ಆಗಿರುತ್ತೆ. ಚುಕ್ಕೆ ಬಿದ್ದ ಮಧ್ಯಮ ಗಾತ್ರದ 2 ಹಣ್ಣಿಗೆ 1 ಕಪ್ ಓಟ್ಸ್ ಬೇಕು. ಹಣ್ಣನ್ನು ಮಿಕ್ಸಿಗೆ ಹಾಕಬೇಡಿ, ಗಂಜಿಯಾಗುತ್ತೆ. ಫೋರ್ಕಿನಲ್ಲಿ ಕಿವುಚಿದರೆ ಸಾಕು. ಕಲಸಿ 10 ನಿಮಿಷ ಬಿಡಿ, ಓಟ್ಸ್ ನೀರು ಹೀರಲಿ. ಆಮೇಲೆ ಅರ್ಧ ಇಂಚಿಗಿಂತ ತೆಳ್ಳಗೆ ಒತ್ತಿ. ಇವು ತಾನಾಗಿ ಹರಡಲ್ಲ, ಉಂಡೆಯಾಗೇ ಬಿಟ್ಟರೆ ನಡುಭಾಗ ಬೇಯಲ್ಲ. ಮೊದಲೇ ಕಾಯಿಸಿದ ಓವನ್‌ನಲ್ಲಿ 180 ಡಿಗ್ರಿ, 15 ನಿಮಿಷ.

ಉತ್ತರ 2: ಗರಿಗರಿ ಮಾತ್ರ ನಿರೀಕ್ಷಿಸಬೇಡಿ, ಸಕ್ಕರೆ-ಬೆಣ್ಣೆ ಇಲ್ಲದೆ ಅದು ಆಗದ ಮಾತು. ಓವನ್ ಇಲ್ಲದಿದ್ರೆ ದಪ್ಪ ತಳದ ತವಾ, ಸಣ್ಣ ಉರಿ, ಮುಚ್ಚಳ ಮುಚ್ಚಿ ಒಂದೊಂದು ಬದಿಗೆ 5 ನಿಮಿಷ. ಪೂರ್ತಿ ಆರಿದ ಮೇಲೇ ಡಬ್ಬಿಗೆ ಹಾಕಿ. ಬಿಸಿಯಿದ್ದಾಗ ಮುಚ್ಚಿದರೆ ಆವಿ ಮುಚ್ಚಳದಲ್ಲಿ ಹನಿಗಟ್ಟಿ ಕೆಳಗಿಳಿಯುತ್ತೆ. ಫ್ರಿಜ್‌ನಲ್ಲಿ 3 ದಿನ ಇಡಬಹುದು.

ಉತ್ತರ 3: ಬಾದಾಮಿ, ಶೇಂಗಾ ಸೇರಿಸೋದಾದ್ರೆ ಪುಡಿ ಮಾಡಿಯೇ ಹಾಕಿ. 5 ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಸಿಹಿ ಸಾಲದಿದ್ರೆ 4 ಖರ್ಜೂರ ಬಿಸಿನೀರಲ್ಲಿ ನೆನೆಸಿ, ಹಿಂಡಿ, ಅರೆದು ಸೇರಿಸಿ. ನೆನೆಸಿದ ನೀರನ್ನೂ ಸುರಿದರೆ ಮತ್ತೆ ಅದೇ ಅಂಟು.