ಆಂಟಿಕೋಆಗ್ಯುಲೆಂಟ್‌ಗೆ ಕನ್ನಡ ಪದ (ತುರ್ತು)

ಎಲ್ಲರಿಗೂ ನಮಸ್ಕಾರ.
ಏಟ್ರಿಯಲ್ ಫಿಬ್ರಿಲೇಷನ್ ಇರುವವರಿಗಾಗಿ ಒಂದು ಕರಪತ್ರ ಅನುವಾದಿಸುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ಹೃದಯದ ಮೇಲ್ಕೋಣೆ ತಾಳತಪ್ಪಿ ಅದುರಿದಾಗ ರಕ್ತ ಅಲ್ಲೇ ನಿಂತು ಹೆಪ್ಪಾಗುತ್ತದೆ, ಆ ಹೆಪ್ಪು ಮಿದುಳಿಗೆ ಹೋದರೆ ಸ್ಟ್ರೋಕ್ ಆಗುತ್ತದೆ ಎಂಬಲ್ಲಿಗೆ ಬಂದಿದ್ದೇನೆ. ಆ ಹೆಪ್ಪು ಕಟ್ಟದಂತೆ ಕೊಡುವ ಆಂಟಿಕೋಆಗ್ಯುಲೆಂಟ್‌ಗೆ ‘ರಕ್ತ ತೆಳುಮಾಡುವ ಮಾತ್ರೆ’ ನಡೆಯುತ್ತದೆಯೇ? ಸ್ಟ್ರೋಕ್‌ಗೆ ಲಕ್ವವೋ, ಪಾರ್ಶ್ವವಾಯುವೋ?

ಉತ್ತರ 1:
‘ತೆಳುಮಾಡುವ’ ಬೇಡವೇ ಬೇಡ. ಆ ಮಾತ್ರೆಯಿಂದ ರಕ್ತ ನೀರಾಗುವುದಿಲ್ಲ, ಹೆಪ್ಪುಗಟ್ಟುವುದು ತಡವಾಗುತ್ತದೆ, ಅಷ್ಟೆ. ‘ನನಗೆ ಮೊದಲೇ ರಕ್ತ ಕಮ್ಮಿ, ಇನ್ನೂ ತೆಳು ಮಾಡಿಕೊಳ್ಳಲೇ?’ ಎಂದು ಮಾತ್ರೆ ಬಿಟ್ಟವರಿದ್ದಾರೆ. ಹಾಲಿಗೆ ಹೆಪ್ಪು ಹಾಕುವವರಿಗೆ ‘ಹೆಪ್ಪುತಡೆ ಮಾತ್ರೆ’ಯನ್ನು ಬಿಡಿಸಿ ಹೇಳಬೇಕಿಲ್ಲ. ಅದಕ್ಕೆ ‘ಪ್ರತಿಸ್ಕಂದಕ’ ಎಂಬ ಸಂಸ್ಕೃತ ಪದವನ್ನು ಯಾರೂ ಶುರುಮಾಡಬೇಡಿ, ಅದು ಕನ್ನಡವಲ್ಲ. ಲಕ್ವ ಅರಬ್ಬಿ, ಪಾರ್ಶ್ವವಾಯು ಸಂಸ್ಕೃತ. ‘ಮಿದುಳೇಟು’ ಎನ್ನಿ.

ಉತ್ತರ 2:
ಹೆಪ್ಪುತಡೆ ಒಪ್ಪಿದೆ. ಅದಕ್ಕೆ ಇನ್ನೊಂದು ಕಾರಣವೂ ಇದೆ. ‘ತೆಳು’ ಎಂದರೆ ಜನ ಆಸ್ಪಿರಿನ್ನನ್ನೂ ಅದೇ ಸಾಲಿಗೆ ಸೇರಿಸುತ್ತಾರೆ. ಆಸ್ಪಿರಿನ್ ಕೆಲಸ ಮಾಡುವುದು ರಕ್ತದಲ್ಲಿ ಒಂದಕ್ಕೊಂದು ಅಂಟಿಕೊಳ್ಳುವ ಸಣ್ಣ ಕಣಗಳಾದ ಪ್ಲೇಟ್‌ಲೆಟ್‌ಗಳ ಮೇಲೆ. ಈ ಕಾಯಿಲೆಯಲ್ಲಿ ಸ್ಟ್ರೋಕ್ ತಡೆಯಲು ಅದು ಹೆಪ್ಪುತಡೆ ಮಾತ್ರೆಗೆ ಬದಲಿಯಲ್ಲ. ಹೆಸರು ಬೇರೆಯಾದರೆ ಈ ಗೊಂದಲ ಅರ್ಧ ತಪ್ಪೀತು.

‘ಮಿದುಳೇಟು’ ಮಾತ್ರ ಆಗದು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು ಅಂದುಕೊಳ್ಳುತ್ತಾರೆ. ಅರಬ್ಬಿಯೆಂದು ಲಕ್ವವನ್ನು ಬಿಡುವುದಾದರೆ ವಕೀಲ, ಅರ್ಜಿ, ತಕರಾರು ಎಲ್ಲವನ್ನೂ ಬಿಡಬೇಕು. ಬಳಸುವವರು ಬಳಸಿ ಬಳಸಿ ಕನ್ನಡವಾದ ಪದಕ್ಕೆ ಊರು ಕೇಳಬಾರದು. ನನ್ನ ಆಕ್ಷೇಪ ಅರ್ಥದ್ದು: ಲಕ್ವ ಅಂದಾಗ ಕೈಕಾಲು ಬಿದ್ದುಹೋಗುವುದಷ್ಟೇ ನೆನಪಾಗುತ್ತದೆ. ಒಮ್ಮೆಗೇ ಮಾತು ತೊದಲಿದರೂ ಸ್ಟ್ರೋಕ್ ಆಗಿರಬಹುದು. ಹಾಗಾಗಿ ಮೊದಲ ಸಲ ‘ಸ್ಟ್ರೋಕ್ (ಲಕ್ವ)’ ಎಂದು ಬರೆದು ಲಕ್ಷಣಗಳನ್ನು ಅಲ್ಲೇ ಹೇಳಿ.

ಉತ್ತರ 1:
ಬಳಕೆಯ ಹೆಸರಿನಲ್ಲಿ ಎಲ್ಲ ಎರವಲಿಗೂ ಬಾಗಿಲು ತೆರೆಯುವ ಈ ವಾದ ಹಳೆಯದು. ನಾನು ಒಪ್ಪುವುದಿಲ್ಲ.

ಉತ್ತರ 2:
ಒಪ್ಪಬೇಡಿ. ಕೇಳಿದವರಿಗೆ ಒಂದು ಮಾತು: ಆಯ್ಕೆಗಳ ಭಾಗದಲ್ಲಿ ‘ಹಳೆ ಮಾತ್ರೆ, ಹೊಸ ಮಾತ್ರೆ’ ಎನ್ನಬೇಡಿ, ಹೊಸದೇ ಎಲ್ಲರಿಗೂ ಒಳ್ಳೆಯದೆಂದು ಓದುತ್ತಾರೆ. ಹೃದಯದ ಎಡಭಾಗದ ಮೈಟ್ರಲ್ ಕವಾಟ ತುಂಬ ಕಿರಿದಾದವರಿಗೆ, ಲೋಹದ ಕವಾಟ ಹಾಕಿಸಿಕೊಂಡವರಿಗೆ ಹಳೆಯ ಮಾತ್ರೆ ವಾರ್ಫರಿನ್ನೇ ಬೇಕು; ಅವರು ಆಗಾಗ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಐಎನ್‌ಆರ್ ರಕ್ತಪರೀಕ್ಷೆ ಮಾಡಿಸಬೇಕು, ಸೊಪ್ಪಿನಿಂದ ಮಾತ್ರೆಯ ಪರಿಣಾಮ ಏರುಪೇರಾಗುವುದರಿಂದ ಅದನ್ನು ತಿನ್ನುವುದು ಒಮ್ಮೆ ಹೆಚ್ಚು ಒಮ್ಮೆ ಕಮ್ಮಿ ಆಗಬಾರದು. ಹೊಸವಾದ ಏಪಿಕ್ಸಬಾನ್, ಡಾಬಿಗಟ್ರಾನ್‌ಗೆ ಐಎನ್‌ಆರ್ ನೋಡಬೇಕಿಲ್ಲ, ಆದರೆ ಹೊತ್ತು ತಪ್ಪಿಸಿದರೆ ರಕ್ಷಣೆ ಬೇಗ ಇಳಿಯುತ್ತದೆ. ಮಾತ್ರೆಯ ಹೆಸರನ್ನು ಅನುವಾದಿಸದೆ, ಚೀಟಿಯಲ್ಲಿ ಕಾಣುವ ಹೆಸರನ್ನೇ ಕನ್ನಡ ಅಕ್ಷರದಲ್ಲಿ ದಪ್ಪಗೆ ಹಾಕಿ.